ನಲಿ-ಕಲಿಯಿಂದ 4ನೇ ತರಗತಿಗೆ ಬಂದ ಮಕ್ಕಳು ಏಕೆ ತಡವರಿಸುತ್ತಾರೆ?

ಪ್ರಶ್ನೆ: ಕಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮದು ಇಬ್ಬರೇ ಶಿಕ್ಷಕರಿರುವ ಸರ್ಕಾರಿ ಶಾಲೆ. 1ರಿಂದ 3ನೇ ತರಗತಿಯವರೆಗಿನ 22 ಮಕ್ಕಳಿಗೆ ಒಂದೇ ಕೊಠಡಿಯಲ್ಲಿ ನಲಿ-ಕಲಿ, ಅಂದರೆ ಪ್ರತಿ ಮಗುವೂ ಚಟುವಟಿಕೆ ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಯುವ ಪದ್ಧತಿ, ನಡೆಸುತ್ತೇನೆ. ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಏಣಿಯ ಪಟದಲ್ಲಿ ತನ್ನ ಮೆಟ್ಟಿಲು ನೋಡಿ, ಕಾರ್ಡು ತೆಗೆದುಕೊಂಡು, ತಾನಾಗಿ ಗುಂಪಿಗೆ ಹೋಗಿ ಕೂರುವ ಮಗು 4ನೇ ತರಗತಿಯ ಪಠ್ಯಪುಸ್ತಕದ ಮುಂದೆ ಮಾತ್ರ ಸುಮ್ಮನಾಗಿಬಿಡುತ್ತದೆ. ಪೋಷಕರಂತೂ "ಅ ಆ ಇ ಈ ಕಲಿಸದೆ ರ ಗ ಸ ಎಂದು ಶುರುಮಾಡುತ್ತೀರಲ್ಲ" ಎಂದು ಪ್ರತಿ ವರ್ಷವೂ ಕೇಳುತ್ತಾರೆ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಮುಖ್ಯಶಿಕ್ಷಕ

ಮೇಡಂ, ಪೋಷಕರ ಪ್ರಶ್ನೆಗೆ ಕಪ್ಪುಹಲಗೆಯ ಮೇಲೆಯೇ ಉತ್ತರ ಕೊಡಬಹುದು. ರ, ಗ, ಸ, ದ, ಅ ಎಂಬ ಐದು ಅಕ್ಷರ ಬಂದರೆ ಸಾಕು, ಮಗು ಸರ, ದಸರ, ಅರಸ, ಗರಗಸ ಎಂದು ಅರ್ಥವುಳ್ಳ ಪದಗಳನ್ನು ಓದುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಸ್ವರಗಳು ಮುಗಿಯುವವರೆಗೂ ಅಂತಹ ಪದಗಳು ಹೆಚ್ಚು ಸಿಗುವುದಿಲ್ಲ.

ಇನ್ನೊಂದು ಮಾತು. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಆರಂಭವಾದಾಗ, ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ಋಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಹಳ್ಳಿ ಶಾಲೆಗಳನ್ನು ಕಣ್ಣಾರೆ ಕಂಡು ಬಂದು, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ರೂಪಿಸಿದ್ದರು. ಯಾವ ಕಾರ್ಡು ಏಕಿದೆ ಎಂಬುದು ಅವರಿಗೆ ಗೊತ್ತಿತ್ತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಅಚ್ಚಾದ ಕಾರ್ಡುಗಳು ಬಂದವು, ಆದರೆ ಆ ತಿಳಿವಳಿಕೆ ಅವುಗಳ ಜೊತೆಯಲ್ಲಿ ಅಷ್ಟಾಗಿ ಬರಲಿಲ್ಲವೆಂಬುದು ನನ್ನ ನೋವು. ನಿಮ್ಮ ಮಕ್ಕಳಿಗೆ ಯಾವ ಮೈಲಿಗಲ್ಲು (ಏಣಿಯ ಕೆಲವು ಮೆಟ್ಟಿಲುಗಳ ಒಂದು ಗುಂಪು) ಕಠಿಣವೋ ಅಲ್ಲಿಗೆ ನೀವೇ ನಾಲ್ಕು ಕಾರ್ಡು ಬರೆದು ಸೇರಿಸಿ. ಹಾಗೆ ಮಾಡುವುದು ತಪ್ಪಲ್ಲ, ಈ ಪದ್ಧತಿ ಹುಟ್ಟಿದ್ದೇ ಹಾಗೆ.

ಉತ್ತರ 2: 4 ಮತ್ತು 5ನೇ ತರಗತಿಯ ಶಿಕ್ಷಕ

ನನ್ನ ಕೊಠಡಿಗೆ ಬರುವ ಮಕ್ಕಳಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಾರ್ಡಿನಲ್ಲಿ ಒಂದು ಸಲಕ್ಕೆ ಒಂದೇ ಕೆಲಸವಿರುತ್ತದೆ, ಮುಂದೇನು ಎಂಬುದನ್ನು ಚಿತ್ರಸಂಕೇತ ತಿಳಿಸುತ್ತದೆ. ಪಾಠದ ಗದ್ಯದಲ್ಲಾದರೋ ಪುಟಗಟ್ಟಲೆ ಓದಿದ ನಂತರವೇ ಪ್ರಶ್ನೆ ಬರುತ್ತದೆ. ಮೊದಲ ಸಾಲಿನ ವಿಷಯವನ್ನು ಕೊನೆಯ ಸಾಲಿನವರೆಗೆ ನೆನಪಿನಲ್ಲಿಟ್ಟುಕೊಳ್ಳುವ ಅಭ್ಯಾಸವೇ ಮಗುವಿಗೆ ಇರುವುದಿಲ್ಲ. ಆದ್ದರಿಂದ 3ನೇ ತರಗತಿಯ ಕೊನೆಯ ಮೂರು ತಿಂಗಳು ದಿನಕ್ಕೊಂದು ಪುಟದ ಕಥೆ ಓದಿಸಿ, ಕೇಳಿದವರಿಗೆ ಅದನ್ನು ತನ್ನ ಮಾತಿನಲ್ಲಿ ಹೇಳುವಂತೆ ಮಾಡಿ. ನಾನು ಜೂನ್ ತಿಂಗಳಿಡೀ ಮಕ್ಕಳನ್ನು ಸಾಲಾಗಿ ಕೂರಿಸದೆ, ಗುಂಪಿನಲ್ಲಿಯೇ ಪಾಠ ಓದಿಸುತ್ತೇನೆ. ಮೌನ ಬೇಗ ಮುರಿಯುತ್ತದೆ.

ಉತ್ತರ 3: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಪೋಷಕಿ

ನೋಟ್‌ಪುಸ್ತಕ ತುಂಬಿಲ್ಲವೆಂದು ನಾನೂ ಮೊದಲು ದೂರಿದವಳೇ. ಒಂದು ಸಭೆಯಲ್ಲಿ ನಮ್ಮ ಶಾಲೆಯ ಶಿಕ್ಷಕಿ ಪ್ರತಿ ಮಗುವಿನ ಕಲಿಕೆಯನ್ನು ಗುರುತಿಸುವ ಪ್ರಗತಿ ನೋಟವನ್ನು ಮುಂದಿಟ್ಟು, ನನ್ನ ಮಗಳು ಯಾವ ಮೆಟ್ಟಿಲಿನಲ್ಲಿ ಎಷ್ಟು ದಿನ ನಿಂತಳು ಎಂಬುದನ್ನು ಅವಳ ಬಾಯಿಂದಲೇ ಹೇಳಿಸಿದರು. ಆಮೇಲೆ ನಾನು ನೋಟ್‌ಪುಸ್ತಕ ಕೇಳಲಿಲ್ಲ. ಆದರೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ಎಂದು ಶಿಕ್ಷಕರು ಎದ್ದು ಹೋದರೆ, ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದ ಗುಂಪಿನ ಮಕ್ಕಳೇ ಮೊದಲು ಹಿಂದೆ ಬೀಳುತ್ತಾರೆ. ಆ ಗುಂಪಿನ ವೇಳೆಯಲ್ಲಿ ಬೇರೆ ಕೆಲಸ ಹೇಳಬಾರದೆಂದು ಎಸ್‌ಡಿಎಂಸಿಯಿಂದಲೇ ಠರಾವು ಮಾಡಿಸಿ, ಮೇಡಂ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಒತ್ತಕ್ಷರದ ಮೈಲಿಗಲ್ಲಿನಲ್ಲಿ ನಮ್ಮ ಐದು ಮಕ್ಕಳು ನಿಂತಿದ್ದಾರೆ. ಸೋಮವಾರದಿಂದ ಅಲ್ಲಿಗೆ ಹೊಸ ಕಾರ್ಡುಗಳನ್ನು ಬರೆಯುತ್ತೇನೆ.