ನಟಿಯರ ಹೆರಿಗೆ ಸುದ್ದಿ, ಮನೆಯವರ ಒತ್ತಾಯ: ಹೊಕ್ಕುಳಬಳ್ಳಿ ರಕ್ತ ಬ್ಯಾಂಕಿನಲ್ಲಿ ಇಡಿಸಬೇಕಾ?

ತಿಂಗಳಬೆಳಕು ಕೇಳಿದ್ದು:

ನನಗೀಗ 32 ವಾರ, ಚೊಚ್ಚಲ ಬಸಿರು. ಯಾವುದೇ ನಟಿಗೆ ಮಗು ಆದರೂ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರುವಾಗುತ್ತೆ. ನಾರ್ಮಲ್ಲಾ ಸಿಸೇರಿಯನ್ನಾ, ಮಗು ಮುಖ ಯಾಕೆ ಮುಚ್ಚಿಟ್ಟರು, ಆ ಹೆಸರು ಯಾಕೆ ಇಟ್ಟರು ಅಂತ. ಅದೆಲ್ಲ ಹಾಗಿರಲಿ. ಈಗ ಮಾತು ಹೊಕ್ಕುಳಬಳ್ಳಿ ರಕ್ತದ ಬ್ಯಾಂಕಿಗೆ ಬಂದು ನಿಂತಿದೆ. ಐಶ್ವರ್ಯಾ ರೈ ಇದರ ಜಾಹೀರಾತಿನಲ್ಲಿ ಬರ್ತಿದ್ದುದು ಅತ್ತೆಗೆ ಚೆನ್ನಾಗಿ ನೆನಪಿದೆ. ಕಂಪನಿಯವರು 60,000 ರೂಪಾಯಿ ಹೇಳಿದ್ದಾರೆ, ಇಎಂಐ ಇದೆ, 75 ವರ್ಷ ಇಡ್ತೀವಿ, 80 ಕಾಯಿಲೆಗೆ ಮದ್ದು ಅಂತಾರೆ. ಇನ್ನೊಂದು ಕಡೆ ಬಳ್ಳಿ ಬೇಗ ಕತ್ತರಿಸಬೇಡಿ, ಆ ರಕ್ತ ಮಗುವಿಗೇ ಹೋಗಲಿ ಅನ್ನೋರೂ ಇದ್ದಾರೆ. ಎರಡೂ ಒಟ್ಟಿಗೆ ಆಗುತ್ತಾ? ನಮ್ಮಿಬ್ಬರ ಕುಟುಂಬದಲ್ಲೂ ರಕ್ತದ ಕಾಯಿಲೆ ಇರೋರು ಯಾರೂ ಇಲ್ಲ. ವಿಷಯ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಬೆಂಚ್‌ಸೈಡ್ ಉತ್ತರ:

80 ಕಾಯಿಲೆ ಅನ್ನೋ ಪಟ್ಟಿಯನ್ನೇ ಮೊದಲು ನೋಡಬೇಕು ಮೇಡಂ. ಪಟ್ಟಿ ಸುಳ್ಳಲ್ಲ. ಆದರೆ ಅದು ರಕ್ತದ ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಸೆಲ್) ಕಸಿಯಿಂದ ವಾಸಿಮಾಡಲು ಬರುವ ಕಾಯಿಲೆಗಳ ಪಟ್ಟಿ. ಅವುಗಳಲ್ಲಿ ಬಹುಪಾಲಿಗೆ ಬೇಕಾಗುವುದು ಬೇರೊಬ್ಬ ಆರೋಗ್ಯವಂತರ ಸೆಲ್‌ಗಳು, ಮಗುವಿನ ಸ್ವಂತದ್ದಲ್ಲ. ಮೈಯಲ್ಲಿ ಸರಿಯಾದ ಹಿಮೋಗ್ಲೋಬಿನ್ ತಯಾರಾಗದ ಥಲಸ್ಸೀಮಿಯಾ ಕಾಯಿಲೆ ತಗೊಳ್ಳಿ. ದೋಷ ಇರೋದು ವಂಶವಾಹಿಯಲ್ಲಿ, ಹಾಗಾಗಿ ಬಳ್ಳಿಯ ರಕ್ತದ ಪ್ರತಿಯೊಂದು ಸೆಲ್‌ನಲ್ಲೂ ಅದೇ ದೋಷ ಇರುತ್ತೆ. ಅದನ್ನೇ ತಿರುಗಿ ಕೊಟ್ಟರೆ ಅದೇ ಕಾಯಿಲೆ ತಿರುಗಿ ಕೊಟ್ಟಂತೆ. ಎಳೆ ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಕ್ಯಾನ್ಸರ್‌ಗೆ ಮೊದಲಿನ ಸೆಲ್‌ಗಳು ಹುಟ್ಟುವಾಗಲೇ ಬಳ್ಳಿಯ ರಕ್ತದಲ್ಲಿ ಇರುವ ಸಾಧ್ಯತೆ ಇದೆ. ಜೊತೆಗೆ, ದಾನಿಯ ಬಿಳಿ ರಕ್ತಕಣಗಳು ಉಳಿದ ಕ್ಯಾನ್ಸರ್ ಸೆಲ್‌ಗಳ ಮೇಲೆ ಬೀಳುತ್ತವಲ್ಲ, ಆ ಲಾಭ ಸ್ವಂತ ರಕ್ತದಿಂದ ಸಿಗೋದಿಲ್ಲ.

ಜಗತ್ತಿನ ಮೊದಲ ಹೊಕ್ಕುಳಬಳ್ಳಿ ರಕ್ತ ಕಸಿ ನಡೆದದ್ದು 1988ರಲ್ಲಿ, ಪ್ಯಾರಿಸ್‌ನಲ್ಲಿ, ಫ್ಯಾಂಕೋನಿ ಅನೀಮಿಯಾ ಅನ್ನೋ ವಂಶವಾಹಿ ರಕ್ತದ ಕಾಯಿಲೆ ಇದ್ದ ಒಬ್ಬ ಹುಡುಗನಿಗೆ. ಆ ರಕ್ತ ಅವನದ್ದಲ್ಲ, ಆಮೇಲೆ ಹುಟ್ಟಿದ ತಂಗಿಯದ್ದು. ಜಾಹೀರಾತಿನಲ್ಲಿ ಮರೆಯಾಗೋದು ಈ ವ್ಯತ್ಯಾಸವೇ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಕಾರ, ಹೀಗೆ ಇಟ್ಟ ರಕ್ತ ಅದೇ ಮಗುವಿಗೆ ಬೇಕಾಗುವ ಸಾಧ್ಯತೆ ಶೇ 0.04ರಿಂದ ಶೇ 0.0005. ಅಂದರೆ 2,500 ಮಕ್ಕಳಲ್ಲಿ ಒಂದರಿಂದ ಹಿಡಿದು 2 ಲಕ್ಷದಲ್ಲಿ ಒಂದರವರೆಗೆ. ಖಾಸಗಿಯಾಗಿ ಕೂಡಿಡುವುದನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಧುಮೇಹ ಅಂತ ಕರಪತ್ರದಲ್ಲಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳ ಆಚೆಗೆ ಸ್ಟೆಮ್ ಸೆಲ್ ಬಳಕೆ ನಮ್ಮಲ್ಲಿ ಇನ್ನೂ ಪ್ರಯೋಗದ ಹಂತದ್ದು.

ಇನ್ನು ಪ್ರಮಾಣದ ಲೆಕ್ಕ. ಕಸಿಗೆ ರೋಗಿಯ ತೂಕದ ಪ್ರತಿ ಕೆಜಿಗೆ ಕನಿಷ್ಠ ಸುಮಾರು 2.5 ಕೋಟಿ ನ್ಯೂಕ್ಲಿಯೇಟೆಡ್ ಸೆಲ್ (ಒಳಗೆ ನ್ಯೂಕ್ಲಿಯಸ್ ಇರುವ ಸೆಲ್) ಬೇಕು. 20 ಕೆಜಿ ಮಗುವಿಗೆ 50 ಕೋಟಿ, 60 ಕೆಜಿ ಆಳಿಗೆ 150 ಕೋಟಿ. ಒಂದು ಚೀಲಕ್ಕೆ ಸಿಗೋದು ಸಾಮಾನ್ಯವಾಗಿ 60ರಿಂದ 100 ಮಿಲಿ ರಕ್ತ. ಎಷ್ಟೋ ಚೀಲಗಳು ದೊಡ್ಡವರ ತೂಕಕ್ಕೆ ಸಾಲುವುದೇ ಇಲ್ಲ. 75 ವರ್ಷ ಇಡ್ತೀವಿ ಅನ್ನೋರನ್ನ ಈ ಲೆಕ್ಕ ಕೇಳಿ ನೋಡಿ. ದಾನವಾಗಿ ಬಂದ ರಕ್ತವನ್ನು ಹೊಂದುವ ಯಾರಿಗಾದರೂ ಕೊಡುವ ಸಾರ್ವಜನಿಕ ಬ್ಯಾಂಕುಗಳು ಸೆಲ್ ಕಡಿಮೆ ಇರುವ ಚೀಲವನ್ನು ಫ್ರೀಜ್ ಮಾಡದೆ ಬಿಟ್ಟುಬಿಡುತ್ತವೆ. ಖಾಸಗಿಯಲ್ಲಿ ದುಡ್ಡು ಮೊದಲೇ ತಗೊಂಡಿರುತ್ತಾರೆ, ಹಾಗಾಗಿ ಕಡಿಮೆ ಇದ್ದರೂ ಇಟ್ಟುಕೊಳ್ಳೋದುಂಟು.

ಕೆಡೋದು ಎಲ್ಲೆಲ್ಲಿ ಅಂದರೆ, ಸೂಜಿ ಹಾಕೋದು ತಡವಾದರೆ ಬಳ್ಳಿಯಲ್ಲೇ ರಕ್ತ ಹೆಪ್ಪುಗಟ್ಟುತ್ತೆ. ಬಳ್ಳಿಯ ಮೇಲ್ಮೈಯನ್ನು ಸರಿಯಾಗಿ ಒರೆಸದಿದ್ದರೆ ಬ್ಯಾಕ್ಟೀರಿಯಾ ಸೇರುತ್ತೆ, ನಾರ್ಮಲ್ ಹೆರಿಗೆಯಲ್ಲಿ ಇದು ಹೆಚ್ಚು. ಚೀಲವನ್ನು ಹೆಪ್ಪುನಿರೋಧಕದ ಜೊತೆ ಮೆಲ್ಲಗೆ ಅಲುಗಾಡಿಸುತ್ತಿರಬೇಕು, ಸುಮಾರು 48 ಗಂಟೆಯೊಳಗೆ ಲ್ಯಾಬ್ ತಲುಪಿ ಸಂಸ್ಕರಣೆ ಮುಗಿಯಬೇಕು. ಅಲ್ಲಿ ಕೆಂಪು ಕಣ, ಪ್ಲಾಸ್ಮಾ ತೆಗೆದು, ಹೆಪ್ಪುಗಟ್ಟಿಸುವಾಗ ಸೆಲ್ ಒಡೆಯದಂತೆ ಕಾಯುವ ಡಿಎಂಎಸ್‌ಒ ದ್ರಾವಕ ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತಾರೆ.

ಹಾಗಾದರೆ ಇದು ಯಾರಿಗೂ ಬೇಡವೇ? ಬೇಕು. ಮನೆಯಲ್ಲಿ ಮೊದಲನೇ ಮಗುವಿಗೆ ಥಲಸ್ಸೀಮಿಯಾ ಮೇಜರ್ ಇದೆ, ಎರಡನೆಯದು ಹೊಟ್ಟೆಯಲ್ಲಿದೆ ಅಂದರೆ ಇಡಿಸಲೇಬೇಕು. ಒಡಹುಟ್ಟಿದವರ ಸೆಲ್ ಕಸಿಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಸಂದರ್ಭದಲ್ಲಿ ರಕ್ತರೋಗ ತಜ್ಞರೇ ಪತ್ರ ಬರೆದು ವ್ಯವಸ್ಥೆ ಮಾಡಿಸುತ್ತಾರೆ. ನಿಮ್ಮ ವಿಷಯ ಅದಲ್ಲ. ನೀವು ಥಲಸ್ಸೀಮಿಯಾ ವಾಹಕರೇ (ಕಾಯಿಲೆ ಇಲ್ಲದೆ ಅದರ ವಂಶವಾಹಿ ಹೊತ್ತವರೇ) ಎಂದು ತಿಳಿಸುವ ಎಚ್‌ಬಿ-ಎ2 ರಕ್ತಪರೀಕ್ಷೆ ಆಗಿದೆಯಾ ನೋಡಿಕೊಳ್ಳಿ. ಆಗಿಲ್ಲದಿದ್ದರೆ ಈ 60,000ಕ್ಕಿಂತ ಮೊದಲು ಅದು ಆಗಲಿ. ನಿಮ್ಮದು ವಾಹಕ ಅಂತ ಬಂದರೆ ಮಾತ್ರ ಯಜಮಾನರದ್ದೂ ಮಾಡಿಸಬೇಕಾಗುತ್ತೆ.

ಹುಬ್ಬಳ್ಳಿ_ಸಿಸ್ಟರ್ ಉತ್ತರ:

ಎರಡೂ ಪೂರ್ತಿ ಸಿಗೂದಿಲ್ರಿ ಅಕ್ಕಾರ. ಇರೂದು ಒಂದ ರಕ್ತ. ಚೀಲಕ್ಕ ಎಷ್ಟು ಹೋಗತೈತಿ, ಕೂಸಿಗೆ ಅಷ್ಟು ಕಡಿಮಿ.

ಕೂಸು ಹೊರಗ ಬಂದ ಮ್ಯಾಲೂ ಮಾಸು (ಪ್ಲಾಸೆಂಟಾ) ಒಳಗ ಇರತೈತಿ, ಬಳ್ಳಿ ಮಿಡೀತಾನ ಇರತೈತಿ. ಮೊದಲ ನಿಮಿಷದಾಗ ಸುಮಾರು 80 ಮಿಲಿ, ಮೂರು ನಿಮಿಷಕ್ಕ 100 ಮಿಲಿ ತನಕಾ ರಕ್ತ ಕೂಸಿನ ಕಡೆ ಹರೀತೈತಿ. ಮೂರು ಕೆಜಿ ಕೂಸಿನ ಮೈಯಾಗ ಇರೂದ 250 ಮಿಲಿ ಆಸುಪಾಸು, ಲೆಕ್ಕಾ ನೀವ ಹಾಕ್ರಿ. ಇದರಿಂದ ಮುಂದಿನ ಆರು ತಿಂಗಳಿಗೆ ಬೇಕಾದ ಕಬ್ಬಿಣಾಂಶ ಕೂಡತೈತಿ. ನಮ್ಮ ದೇಶದಾಗ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಾಗ ಶೇ 67.1ರಷ್ಟು ಮಂದಿಗೆ ರಕ್ತಹೀನತೆ ಐತಿ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳತೈತಿ. ಹಂತಾದ್ರಾಗ ಖರ್ಚಿಲ್ಲದ ಸಿಗೂ ರಕ್ತಾ ಬಿಡಬ್ಯಾಡ್ರಿ. ಒಂದು ನಿಮಿಷದ ಒಳಗ ಬಳ್ಳಿ ಕಟ್ಟಬ್ಯಾಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಾಗ ಹೇಳೇತಿ.

ಮಾಡೂ ಕ್ರಮ ಹಿಂಗೈತ್ರಿ. ಕೂಸನ್ನ ತಾಯಿ ಹೊಟ್ಟಿ ಮ್ಯಾಲ ಹಾಕಿ, ಒಣಾ ಬಟ್ಟೀಲೆ ಒರಸಿ, ಹಸಿ ಬಟ್ಟಿ ತಗದು, ಟೊಪಗಿ ಹಾಕಿ, ಬ್ಯಾರೆ ಬೆಚ್ಚನ್ ಬಟ್ಟಿ ಹೊದಸೂದು. ತಾಯಿಗೆ ರಕ್ತ ಬಾಳ ಹೋಗಬಾರದಂತ ಆಕ್ಸಿಟೋಸಿನ್ 10 ಯುನಿಟ್ ಇಂಜೆಕ್ಷನ್ ಒಂದು ನಿಮಿಷದಾಗ ಕೊಡೂದು, ಅದಕ್ಕ ಬಳ್ಳಿ ಕಟ್ಟೂತನಕಾ ಕಾಯೂದು ಬೇಕಾಗಿಲ್ಲ. ಬಳ್ಳಿ ಮಿಡಿಯೂದು ನಿಂತು, ಬಿಳಚಿ ಚಪ್ಪಟಿ ಆತು ಅಂದ್ರ ಕ್ಲ್ಯಾಂಪ್ ಹಾಕಿ ಕತ್ತರಸೂದು. ಸಿಸೇರಿಯನ್‌ದಾಗೂ 30ರಿಂದ 60 ಸೆಕೆಂಡ್ ಕಾಯಾಕ ಬರತೈತ್ರಿ, ಆದ್ರ ಥೇಟರ್ ಎಸಿ ಥಂಡಿಗೆ ಕೂಸಿನ ಮೈ ಆರಬಾರದು.

ಕಾಯಬಾರದ್ದು ಯಾವಾಗ? ಕೂಸು ಅಳಲಿಲ್ಲ, ಮೈ ಸಡಿಲ ಐತಿ, ಉಸರಾಟಕ್ಕ ಸಹಾಯ ಬೇಕು ಅಂದಾಗ. ತಾಯಿಗೆ ರಕ್ತ ಬಾಳ ಹೋಗಾಕತ್ತಿದ್ದಾಗ. ಮಾಸು ಮೊದಲ ಬಿಟ್ಟಕೊಂಡಿದ್ದಾಗ. ಆವಾಗ ಡಾಕ್ಟರ್ ಲಗೂನ ಕತ್ತರಿಸಿದ್ರ ಜಗಳಾ ತಗೀಬ್ಯಾಡ್ರಿ. ತಡಾ ಮಾಡಿ ಕತ್ತರಿಸಿದ ಕೂಸುಗಳಿಗೆ ಕಾಮಾಲಿ ಸ್ವಲ್ಪ ಜಾಸ್ತಿ, ನೀಲಿ ಲೈಟಿನ ಕೆಳಗ ಇಡೂ ಪ್ರಸಂಗ ಬರಬಹುದು. ಮೂರನೇ ದಿನದ ಹೊತ್ತಿಗೆ ಒಮ್ಮೆ ನೋಡಸ್ರಿ, ಸಾಕು.

ಒಂದು ನಿಮಿಷ ಕಾದು ಆಮ್ಯಾಲ ಮಾಸಿನಾಗ ಉಳಿದದ್ದನ್ನ ಚೀಲಕ್ಕ ತಗೀಬಹುದು, ಆದ್ರ ಕಡಿಮಿ ಬರತೈತಿ. ಮೂರು ನಿಮಿಷ ಕಾದ್ರ ಎಷ್ಟೋ ಸಲ ಏನೂ ಸಾಲೂದಿಲ್ಲ. ಚೀಲ ತುಂಬಲಿ ಅಂತ ಅವಸರ ಮಾಡಿ ಕತ್ತರಸೂದು ಮಾತ್ರ ತಪ್ಪು. ಅದರಾಗ ರಾಜಿ ಬ್ಯಾಡ.

ಗ್ರಾಹಕಪರ ಉತ್ತರ:

ವೈದ್ಯಕೀಯ ಭಾಗ ಮೇಲಿನವರು ಹೇಳಿದ್ದಾರೆ. ನಾನು ಜಾಹೀರಾತು ಮತ್ತು ಒಪ್ಪಂದದ ಬಗ್ಗೆ ಹೇಳುತ್ತೇನೆ.

ಒಬ್ಬ ನಟಿ ಹೇಗೆ ಹೆತ್ತರು, ಮಗುವಿಗೆ ಏನು ಹೆಸರಿಟ್ಟರು ಎಂಬುದು ಅವರ ಮನೆಯ ವಿಷಯ. ಅದನ್ನು ಎಳೆದಾಡುವ ಹಕ್ಕು ನಮಗಿಲ್ಲ. ಆದರೆ ಅವರು ಒಂದು ಸೇವೆಯನ್ನು ಕೊಳ್ಳಿ ಎಂದಾಗ ಅದು ಸಾರ್ವಜನಿಕ ವಿಷಯ, ಅಲ್ಲಿ ಪ್ರಶ್ನೆ ಕೇಳಲೇಬೇಕು. ನಮ್ಮಲ್ಲಿ ಬಹಳಷ್ಟು ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ: ಸಿಸೇರಿಯನ್ ಮಾಡಿಸಿಕೊಂಡಿದ್ದಕ್ಕೆ ಬೈಯುತ್ತಾರೆ, ಜಾಹೀರಾತನ್ನು ಕಣ್ಣುಮುಚ್ಚಿ ನಂಬುತ್ತಾರೆ. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಂತೆ, ಪ್ರಚಾರ ಮಾಡುವವರು ಕಂಪನಿಯ ಜೊತೆಗಿನ ಹಣಕಾಸಿನ ಸಂಬಂಧವನ್ನು ಬಹಿರಂಗಪಡಿಸಬೇಕು, ಹೇಳುವ ಮಾತಿಗೆ ಆಧಾರ ಇದೆಯೇ ಎಂದು ಪರಿಶೀಲಿಸಿರಬೇಕು. ದಾರಿ ತಪ್ಪಿಸುವ ಜಾಹೀರಾತಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಇನ್‌ಸ್ಟಾಗ್ರಾಂನ ಹೆರಿಗೆ ಪೋಸ್ಟ್‌ಗಳಿಗೂ ಇದು ಅನ್ವಯ. ಪೋಸ್ಟಿನಲ್ಲಿ ಕಂಪನಿಯ ಹೆಸರು, ರಿಯಾಯಿತಿ ಕೋಡ್ ಕಂಡರೆ ಅದನ್ನು ತಾಯಿಯ ಸಲಹೆ ಎಂದು ಓದಬೇಡಿ.

60,000 ಎಂದರಲ್ಲ, ಜಿಎಸ್‌ಟಿ ಸೇರಿಸಿಯೋ ಹೊರತುಪಡಿಸಿಯೋ? ಈ ಸೇವೆಗೆ ಇದ್ದ ವಿನಾಯಿತಿಯನ್ನು 2022ರ ಜುಲೈ 18ರಿಂದ ತೆಗೆದಿದ್ದಾರೆ. ಶೇ 18 ಸೇರಿದರೆ 70,800 ಆಗುತ್ತದೆ. ಬಳ್ಳಿಯ ಅಂಗಾಂಶ, ಮಾಸು, ಹಾಲುಹಲ್ಲು ಎಂದು ಪ್ಯಾಕೇಜ್ ಸೇರಿಸಿದ್ದರೆ ಅಲ್ಲೇ ನಿಲ್ಲಿಸಿ. 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ವಾಣಿಜ್ಯ ಬ್ಯಾಂಕಿಂಗ್‌ಗೆ ಅನುಮತಿ ಇರುವುದು ಬಳ್ಳಿಯ ರಕ್ತಕ್ಕೆ ಮಾತ್ರ.

ಎಲ್ಲ ತಿಳಿದ ಮೇಲೂ ಮನೆಯವರು ಮಾಡಿಸಲೇಬೇಕೆಂದರೆ, ಸಹಿಗೆ ಮುಂಚೆ ಬರಹದಲ್ಲಿ ಉತ್ತರ ಪಡೆಯಿರಿ. ಸೆಲ್ ಎಣಿಕೆ ಎಷ್ಟಕ್ಕಿಂತ ಕಡಿಮೆ ಬಂದರೆ ಹಣ ವಾಪಸ್? ಸೋಂಕು ಕಂಡುಬಂದರೆ ನಮಗೆ ತಿಳಿಸುವುದು ಎಷ್ಟು ದಿನದಲ್ಲಿ? ಕಂಪನಿ ಮುಚ್ಚಿದರೆ ಅಥವಾ ಕೈ ಬದಲಾದರೆ ಚೀಲ ಯಾರ ಹೊಣೆ? ವಾರ್ಷಿಕ ಶುಲ್ಕ ಒಂದು ವರ್ಷ ತಪ್ಪಿದರೆ ಚೀಲವನ್ನು ಬಿಸಾಡುತ್ತಾರೆಯೇ? ಸಂಗ್ರಹವೇ ಆಗದಿದ್ದರೆ ಕಿಟ್ ಹಣ ಹಿಂತಿರುಗುತ್ತದೆಯೇ? ಇತರ ಸದಸ್ಯರ ಚೀಲವೂ ಸಿಗುತ್ತದೆ ಎನ್ನುವ ಸಮುದಾಯ ಯೋಜನೆಯಾದರೆ, ಹೊಂದಿಕೆ ಸಿಗದಿದ್ದಾಗ ಏನು ಎಂಬುದನ್ನೂ ಕೇಳಿ. ಪ್ರತಿನಿಧಿಯ ಬಾಯಿಮಾತು ಒಪ್ಪಂದದಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ಲೆಕ್ಕ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆ ಇದೆ.

ತಿಂಗಳಬೆಳಕು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಎಚ್‌ಬಿ-ಎ2 ರಿಪೋರ್ಟ್ ಹುಡುಕಿದೆ, ನಾರ್ಮಲ್ ಇದೆ. ಇನ್ನೊಂದು ಪ್ರಶ್ನೆ. ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯನ್ ಮಾಸನ್ನು ಒಣಗಿಸಿ ಮಾತ್ರೆ ಮಾಡಿ ನುಂಗಿದರಂತೆ, ಬಾಣಂತಿ ಖಿನ್ನತೆ ಬರಲ್ವಂತೆ. ಬೆಂಗಳೂರಲ್ಲೂ ಮಾಡಿಕೊಡ್ತಾರೆ ಅಂತ ಅತ್ತಿಗೆ ಕಳಿಸಿದ್ದಾರೆ. ಮತ್ತೆ ಡಾಕ್ಟರ್ ಹತ್ರ ಬಳ್ಳಿ ವಿಷಯ ಹೇಗೆ ಎತ್ತಲಿ?

ಬೆಂಚ್‌ಸೈಡ್ ಉತ್ತರ:

ಮಾತ್ರೆ ಖಂಡಿತ ಬೇಡ. ಅವರು 2015ರಲ್ಲಿ ಅದನ್ನು ಹೇಳಿಕೊಂಡಿದ್ದು ನಿಜ, ಖಿನ್ನತೆ ತಡೆಯುತ್ತೆ ಅನ್ನೋದಕ್ಕೆ ಮಾತ್ರ ಆಧಾರ ಇಲ್ಲ. 2017ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಪ್ರಕರಣ ಪ್ರಕಟಿಸಿತು: ಓರೆಗಾನ್‌ನ ಒಂದು ಹಸುಗೂಸಿಗೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಬಂತು, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬಂತು. ತಾಯಿ ನುಂಗುತ್ತಿದ್ದ ಮಾಸಿನ ಮಾತ್ರೆಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಕಡಿಮೆ ಬಿಸಿಯಲ್ಲಿ ಒಣಗಿಸಿದರೆ ರೋಗಾಣು ಸಾಯುತ್ತೆ ಅನ್ನೋ ಖಾತರಿ ಇಲ್ಲ, ಈ ತಯಾರಿಕೆಗೆ ಒಪ್ಪಿತ ಮಾನದಂಡವೂ ಇಲ್ಲ. ಹೆರಿಗೆಯಾಗಿ ಎರಡು ವಾರ ದಾಟಿದರೂ ಅಳು, ನಿದ್ದೆಗೇಡು, ಮಗು ಬೇಡ ಅನ್ನೋ ಭಾವ ಇದ್ದರೆ ನೇರ ವೈದ್ಯರ ಹತ್ತಿರ ಹೋಗಿ. ಬಾಣಂತಿ ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ, ಮಾತ್ರೆ ನಂಬಿ ಅದು ತಡವಾಗಬಾರದು.

ಅತ್ತೆಯವರಿಗೆ ಉಪಯೋಗವಾಗುವ ಒಂದು ವಿಷಯ: ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾದಂಥ, ರಕ್ತದ ಸ್ಟೆಮ್ ಸೆಲ್ ದಾನಿಗಳ ನೋಂದಣಿ ಸಂಸ್ಥೆಗಳಿವೆ. ವಯಸ್ಸಿನ ಮಿತಿಯೊಳಗಿನ ಆರೋಗ್ಯವಂತರು ಕೆನ್ನೆಯ ಒಳಭಾಗದ ಸ್ವ್ಯಾಬ್ ಕೊಟ್ಟು ಹೆಸರು ಸೇರಿಸಬಹುದು. ಮುಂದೆ ಯಾವ ಮಗುವಿಗೇ ಕಸಿ ಬೇಕಾದರೂ ಹುಡುಕುವುದು ಇಂಥ ಪಟ್ಟಿಗಳಲ್ಲೇ. ಈಗ ಅಪ್ಪ ಅಮ್ಮನಿಂದ ಅರ್ಧ ಹೊಂದಿಕೆಯ ಕಸಿಯನ್ನೂ ಮಾಡುತ್ತಾರೆ.

ಮಳೆಬಿಲ್ಲು ಉತ್ತರ:

ಮಗುವಿನ ಮುಖ ಮುಚ್ಚಿಡೋದರ ಬಗ್ಗೆ ಒಂದು ಮಾತು. ಕೊಹ್ಲಿ-ಅನುಷ್ಕಾ ಮಗಳ ಫೋಟೋ ತೆಗೆಯಬೇಡಿ ಅಂತ 2021ರಲ್ಲೇ ಛಾಯಾಗ್ರಾಹಕರನ್ನು ಕೇಳಿಕೊಂಡಿದ್ದರು. ಹಾಗಿದ್ದೂ 2022ರ ಜನವರಿಯಲ್ಲಿ ಕೇಪ್‌ಟೌನ್ ಪಂದ್ಯದ ನೇರಪ್ರಸಾರದಲ್ಲಿ ಮಗುವಿನ ಮುಖ ಬಂದೇಬಿಟ್ಟಿತು. ನಾವು ಆ ಮಟ್ಟಕ್ಕೆ ಹೋಗಬೇಕಿಲ್ಲ. ಗುಂಪಿಗೆ ಮೊದಲ ಫೋಟೋ ಹಾಕುವಾಗ ಮಗುವಿನ ಕೈಪಟ್ಟಿ, ತೊಟ್ಟಿಲ ಚೀಟಿ ಕಾಣದಂತೆ ಕತ್ತರಿಸಿ. ತಾಯಿಯ ಪೂರ್ತಿ ಹೆಸರು, ಆಸ್ಪತ್ರೆ ನಂಬರ್, ಹುಟ್ಟಿದ ಹೊತ್ತು ಎಲ್ಲ ಅದರಲ್ಲೇ ಇರುತ್ತೆ.

ಹುಬ್ಬಳ್ಳಿ_ಸಿಸ್ಟರ್ ಉತ್ತರ:

ಡಾಕ್ಟರ್ ಹತ್ರ 36 ವಾರದ ಚೆಕಪ್ಪಿಗೆ ಹೋದಾಗ ಕೇಳ್ರಿ, ಹೆರಿಗಿ ನೋವಿನಾಗ ಅಲ್ಲ. "ಕೂಸು ಅತ್ತರ, ನನಗ ರಕ್ತ ಹೆಚ್ಚಿಗಿ ಹೋಗದಿದ್ದರ, ಬಳ್ಳಿ ಕಟ್ಟಾಕ ಕಮ್ಮೀತ ಕಮ್ಮಿ ಒಂದು ನಿಮಿಷ ಕಾಯ್ತೀರೇನ್ರಿ" ಅಂತ ನೇರ ಕೇಳ್ರಿ. ಹೂಂ ಅಂದ್ರ ಫೈಲಿನಾಗ ಬರಸ್ರಿ. ಯಾಕಂದ್ರ ಆ ದಿನ ಡ್ಯೂಟಿಮ್ಯಾಲ ಬ್ಯಾರೆ ಡಾಕ್ಟರ್ ಇರಬಹುದು, ಫೈಲು ಮಾತ್ರ ಅದ ಇರತೈತಿ. ಸಿಸೇರಿಯನ್ ಆದ್ರ ಮಕ್ಕಳ ಡಾಕ್ಟರಿಗೂ ಗೊತ್ತಿರಬೇಕು, ಅವರ ಕೂಸು ತಗೋಳವರು. ಮನಿಗೆ ಬಂದ ಮ್ಯಾಲ ಹೊಕ್ಕಳಿಗೆ ಅರಿಷಿಣ, ಎಣ್ಣಿ, ಬೂದಿ ಏನೂ ಹಚ್ಚಬ್ಯಾಡ್ರಿ. ಒಣಾ ಇಟ್ಟು, ಡೈಪರ್ ಅದರ ಕೆಳಗ ಮಡಚಿ ಹಾಕಿದ್ರ ಸಾಮಾನ್ಯವಾಗಿ ಎರಡು ವಾರದೊಳಗ ತಾನ ಬೀಳತೈತಿ. ಸುತ್ತ ಚರ್ಮ ಕೆಂಪಗಾತು, ಕೀವು ಬಂತು, ವಾಸನಿ ಬಂತು ಅಂದ್ರ ಅವತ್ತ ತೋರಸ್ರಿ.