ಸ್ಟಾರ್ಟ್ ಆಗಿ ಎರಡು ಮೂರು ನಿಮಿಷಕ್ಕೆ ಬೈಕ್ ನಿಲ್ತದೆ, ಎಲ್ಲಿಂದ ಹುಡುಕಬೇಕು?

ಹೊಳೆಬದಿ, ತೀರ್ಥಹಳ್ಳಿ:
100 ಸಿಸಿ ಕಾರ್ಬೊರೇಟರ್ ಗಾಡಿ, 2011ರ ಮಾಡೆಲ್. ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆದರೆ ತಕ್ಷಣ ಸ್ಟಾರ್ಟ್. ಎರಡು ಮೂರು ನಿಮಿಷ ಚೆನ್ನಾಗಿ ಓಡ್ತದೆ, ಆಮೇಲೆ ಎಳೆದೆಳೆದು ನಿಲ್ತದೆ. ಆಗ ಎಷ್ಟು ಕಿಕ್ ಹೊಡೆದರೂ ಇಲ್ಲ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್, ಮತ್ತೆ ಅದೇ ಪಾಡು. ಆರಿದ್ರಾ ಮಳೆ ಹಿಡಿದ ಮೇಲೆ ಶುರುವಾಗಿದ್ದು. ಪ್ಲಗ್ ಹೊಸದು, ಏರ್ ಫಿಲ್ಟರ್ ಒಣಗಿದೆ, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇದೆ. ಗ್ಯಾರೇಜಿನವರು ಕಾರ್ಬೊರೇಟರ್ ಬದಲಿಸಿ ಅಂತಾರೆ. ಅದಕ್ಕೂ ಮೊದಲು ಮನೆಯಲ್ಲೇ ಏನು ನೋಡಬಹುದು?

ಸ್ಪ್ಯಾನರ್ ಸಾಗರ:
ಕಾರ್ಬೊರೇಟರಿಗೆ ಈಗಲೇ ದುಡ್ಡು ಹಾಕಬೇಡಿ. ಗಾಡಿ ಹೇಗೆ ನಿಲ್ತದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಕೀ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಂತರೆ ಹೆಚ್ಚಾಗಿ ಕರೆಂಟಿನ ಕಡೆಯ ತೊಂದರೆ. ಎಳೆದೆಳೆದು ನಿಂತರೆ ಪೆಟ್ರೋಲ್ ಸಾಲ್ತಾ ಇಲ್ಲ. ಕಾರ್ಬೊರೇಟರಿನ ಅಡಿಯ ಬಟ್ಟಲಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ನಿಂತಿರ್ತದೆ. ಟ್ಯಾಂಕಿನಿಂದ ಬರೋದು ಕಡಿಮೆಯಾದರೂ ಅದು ಮುಗಿಯುವ ತನಕ ಎಂಜಿನ್ ಓಡ್ತದೆ, ನಿಮ್ಮ ಎರಡು ಮೂರು ನಿಮಿಷ ಅದೇ. ಹತ್ತು ನಿಮಿಷದಲ್ಲಿ ಹನಿಹನಿಯಾಗಿ ಬಟ್ಟಲು ತುಂಬಿದರೆ ಮತ್ತೆ ಸ್ಟಾರ್ಟ್.

ಮೊದಲು ನೋಡಬೇಕಾದ್ದು ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಕೆಳಗಿಳಿದಷ್ಟೂ ಗಾಳಿ ಒಳಗೆ ಹೋಗಬೇಕು, ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತಿರ್ತದೆ. ಅದರಲ್ಲಿ ಕೆಸರು ಕೂತರೆ, ಅಥವಾ ಮಳೆಗೆ ಅಂತ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಬಿಗಿದು ಕಟ್ಟಿದ್ದರೆ ಹರಿವು ನಿಲ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೀರಿ. ಗಾಳಿ ಎಳೆದುಕೊಂಡ ಶಬ್ದ ಬಂದು, ಸ್ವಲ್ಪ ಹೊತ್ತಿಗೇ ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು. ಸೋಪು ನೀರಲ್ಲಿ ತೊಳೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕು.

ಅದಲ್ಲ ಅಂದ್ರೆ ಟ್ಯಾಂಕಿನ ಅಡಿಯ ಕಾಕ್ (ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ಆಫ್ ಮಾಡಿ, ಕಾರ್ಬೊರೇಟರಿಗೆ ಬರುವ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಬಿಡಿ. ಎಂಜಿನ್ ತಣ್ಣಗಿರಬೇಕು, ಬಯಲಲ್ಲಿ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡವೇ ಬೇಡ. ಕಾಕ್ ಆನ್ ಮಾಡಿದಾಗ ಧಾರೆ ಕಡಿಯದೆ ಬರಬೇಕು. ಮುಚ್ಚಳ ತೆರೆದಿದ್ದರೂ ಧಾರೆ ಸಣ್ಣದಾಗಿ ಹನಿಗೆ ಇಳಿದರೆ ಕಾಕಿನ ಜಾಲರಿ ಕಟ್ಟಿದೆ. ಆಮೇಲೆ ರಿಸರ್ವಿಗೆ ತಿರುಗಿಸಿ ಬೇರೆ ಬಾಟಲಿಯಲ್ಲಿ ಅರ್ಧ ಲೋಟ ಹಿಡಿದಿಡಿ. ಆನ್‌ನಲ್ಲಿ ಪೆಟ್ರೋಲ್ ಬರೋದು ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತ ಕೊಳವೆಯಿಂದ, ರಿಸರ್ವಲ್ಲಿ ಬರೋದು ತಳದಿಂದ. ತಳದಲ್ಲೇನಿದೆ ಅಂತ ಗೊತ್ತಾಗೋದು ರಿಸರ್ವ್ ಬಾಟಲಿಯಲ್ಲಿ.

ಹೊಳೆಬದಿ:
ಮುಚ್ಚಳ ತೆಗೆದರೂ ವ್ಯತ್ಯಾಸ ಇಲ್ಲ. ಧಾರೆ ಮೊದಲು ಜೋರಾಗಿ ಬಂದು ಆಮೇಲೆ ಹನಿಗೆ ಇಳೀತು. ರಿಸರ್ವ್ ಬಾಟಲಿಯ ತಳದಲ್ಲಿ ಒಂದು ಬೆರಳು ದಪ್ಪ ಬೇರೆಯೇ ಪದರ, ಸ್ವಲ್ಪ ಮಬ್ಬು, ಜೊತೆಗೆ ಕೆಂಪು ಹುಡಿ. ಮೇಲಿನ ಪೆಟ್ರೋಲ್ ತಿಳಿಯಾಗೇ ಇದೆ, ಅದನ್ನ ಸೋಸಿ ವಾಪಸ್ ಹಾಕಬಹುದಾ?

ಮಲೆನಾಡ ಮೆಕ್ಯಾನಿಕ್, ಹೊಸನಗರ:
ಹಾಕಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರ್ತದೆ, ಅದು ನೀರನ್ನ ಹಿಡಿದುಕೊಳ್ತದೆ. ಮಿತಿ ದಾಟಿದ ಮೇಲೆ ನೀರು ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಕೂರ್ತದೆ. ನೀವು ನೋಡಿದ ಮಬ್ಬು ಪದರ ಅದೇ. ಮೇಲೆ ಉಳಿದದ್ದು ಎಥೆನಾಲ್ ಕಳೆದುಕೊಂಡ, ಆಕ್ಟೇನ್ (ನಾಕ್ ಆಗದೆ ಉರಿಯುವ ಗುಣ) ಇಳಿದ ಪೆಟ್ರೋಲ್. ಬಟ್ಟೆಯಲ್ಲಿ ಸೋಸಿದರೆ ಹುಡಿ ನಿಲ್ತದೆ, ಕರಗಿದ ನೀರು ನಿಲ್ಲಲ್ಲ.

ಕೆಂಪು ಹುಡಿ ಟ್ಯಾಂಕಿನ ತುಕ್ಕು, ಜಾಲರಿ ಕಟ್ಟಿದ್ದು ಅದರಿಂದಲೇ. ಟ್ಯಾಂಕ್ ಪೂರ್ತಿ ಇಳಿಸಿ, ಕಾಕ್ ಬಿಚ್ಚಿ ಜಾಲರಿ ತೊಳೀರಿ. ಅರ್ಧ ಲೀಟರ್ ಹೊಸ ಪೆಟ್ರೋಲ್ ಹಾಕಿ ಟ್ಯಾಂಕನ್ನ ಅಲುಗಿಸಿ ಚೆಲ್ಲಿ, ಹುಡಿ ಬರೋದು ನಿಲ್ಲುವ ತನಕ ಇದೇ ಕೆಲಸ. ನೀರು ಹಾಕಿ ತೊಳೆಯೋದು ಬೇಡ. ಕಾಕ್ ಕೂರಿಸುವಾಗ ರಬ್ಬರ್ ಓ-ರಿಂಗ್ ಹೊಸದೇ ಇರಲಿ, ಹಳೆಯದನ್ನ ಬಿಗಿದರೆ ಸೋರಿ ಬಿಸಿ ಎಂಜಿನ್ ಮೇಲೆ ಬೀಳ್ತದೆ. ತೆಗೆದ ಪೆಟ್ರೋಲನ್ನ ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಸುರೀಬೇಡಿ, ಈ ಮಳೆಯಲ್ಲಿ ಅದು ಬಾವಿಗೇ ಇಳೀತದೆ. ಬಿಗಿ ಮುಚ್ಚಳದ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಿ.

ಇನ್ನು ಕಾರ್ಬೊರೇಟರ್. ಬಟ್ಟಲಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ ಹಳೆಯದನ್ನ ಪೂರ್ತಿ ಬಿಡಿ, ಜೆಟ್‌ಗಳು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಎಳೆಯೋದು ಬಟ್ಟಲಿನ ತಳದಿಂದ. ಆಮೇಲೂ ಚೋಕ್ ಇದ್ದರೆ ಮಾತ್ರ ಓಡಿ, ಚೋಕ್ ತೆಗೆದ ಕೂಡಲೇ ನಿಂತರೆ ಪೈಲಟ್ ಜೆಟ್ (ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವುದು) ಕಟ್ಟಿದೆ. ಅದಕ್ಕೆ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಮಾತ್ರ. ಪಿನ್ನು, ಸೂಜಿ ತೂರಿಸಿದರೆ ಹಿತ್ತಾಳೆ ತೂತು ಅಗಲವಾಗಿ ಜೆಟ್ ಹಾಳಾಗ್ತದೆ. ಪಕ್ಕದ ಏರ್ ಸ್ಕ್ರೂ ಬಿಚ್ಚುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಅಂತ ಬರೆದಿಡಿ, ಮತ್ತೆ ಹಾಕುವಾಗ ಅಷ್ಟೇ ಸುತ್ತು ಹೊರಗೆ.

ಘಾಟಿ ಸವಾರ, ಕೊಪ್ಪ:
ಇದೇ ಲಕ್ಷಣ ಅಂತ ಓದುವ ಬೇರೆಯವರಿಗೆ ಒಂದು ಮಾತು. ಪೆಟ್ರೋಲ್ ಧಾರೆ ಸರಿಯಿದ್ದೂ ಬಿಸಿಯಾದಾಗ ಒಮ್ಮೆಲೇ ನಿಂತರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ನೋಡಿ. ತಣ್ಣಗಿದ್ದಾಗ ಅದು ಸರಿಯಾಗೇ ಕಿಡಿ ಕೊಡ್ತದೆ, ಬಿಸಿಗೆ ಒಳಗಿನ ಇನ್ಸುಲೇಷನ್ ಕೈಕೊಡ್ತದೆ. ಹಾಗಾಗಿ ಪರೀಕ್ಷೆ ನಿಂತ ಕೂಡಲೇ ಆಗಬೇಕು, ಆರಿದ ಮೇಲೆ ನೋಡಿ ಪ್ರಯೋಜನ ಇಲ್ಲ. ಒಂದು ಪ್ಲಗ್ ಜೇಬಲ್ಲಿಟ್ಟುಕೊಳ್ಳಿ. ಹಳೆ ಪ್ಲಗ್ ಎಂಜಿನ್ನಲ್ಲೇ ಇರಲಿ, ಕ್ಯಾಪನ್ನ ಜೇಬಿನ ಪ್ಲಗ್ಗಿಗೆ ಹಾಕಿ, ಅದರ ಲೋಹದ ಮೈಯನ್ನ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಕಾಣಬೇಕು.

ಕಾಯಿಲ್ ಬದಲಿಸುವ ಮೊದಲು ಪ್ಲಗ್ ಕ್ಯಾಪನ್ನ ತಿರುಗಿಸಿ ಬಿಚ್ಚಿ ನೋಡಿ. ನಮ್ಮ ಕಡೆ ಥಂಡಿಗೆ ವೈರಿನ ತುದಿ ಹಸಿರುಗಟ್ಟಿರ್ತದೆ. ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಅಲ್ಲಿಗೇ ಸರಿ. ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿದರೆ ವೈರಿನಿಂದ ಕಿಡಿ ಸೋರುವ ಜಾಗವೂ ಕಾಣ್ತದೆ, ಕೈ ಮಾತ್ರ ತಾಗಿಸಬೇಡಿ. ಇದ್ಯಾವುದೂ ಅಲ್ಲದೆ ಬಿಸಿಯಾದ ಮೇಲೆ ಐಡ್ಲಿಂಗಲ್ಲಷ್ಟೇ (ಆಕ್ಸಿಲರೇಟರ್ ಕೊಡದೆ ಓಡುವಾಗ) ನಿಲ್ತಾ ಇದ್ದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನ ಒತ್ತುವ ತೋಳಿಗೂ ನಡುವಿನ ಸಣ್ಣ ಸಂದು) ಬಿಗಿಯಾಗಿದೆಯಾ ನೋಡಿಸಿ, ಪೂರ್ತಿ ತಣಿದ ಎಂಜಿನ್ನಲ್ಲಿ, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ಹಾಕಿ.

ಹೊಳೆಬದಿ:
ಟ್ಯಾಂಕ್ ಇಳಿಸ್ತೇನೆ. ಆದರೆ ನೀರು ಹೋಗಿದ್ದು ಎಲ್ಲಿಂದ? ಗಾಡಿ ನಿಲ್ಲೋದು ಸೋಗೆ ಮಾಡಿನ ಕೊಟ್ಟಿಗೆಯಲ್ಲಿ.

ಮಲೆನಾಡ ಮೆಕ್ಯಾನಿಕ್, ಹೊಸನಗರ:
ಮುಚ್ಚಳದ ಒಳಗಿನ ರಬ್ಬರ್ ಗ್ಯಾಸ್ಕೆಟ್ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಮಾಡಿನಿಂದ ತೊಟ್ಟಿಕ್ಕುವ ನೀರು ಸಾಕು. ಕೆಲವು ಗಾಡಿಯಲ್ಲಿ ಮುಚ್ಚಳ ಕೂರುವ ಗುಂಡಿಗೆ ನೀರು ಹರಿದುಹೋಗಲು ಸಣ್ಣ ತೂತು, ಪೈಪ್ ಇರ್ತದೆ. ಅದಕ್ಕೆ ಕೆಸರು ತುಂಬಿದರೆ, ಇಲ್ಲವೇ ಕಣಜ ಮಣ್ಣಿನ ಗೂಡು ಕಟ್ಟಿದರೆ ನೀರು ಅಲ್ಲೇ ನಿಂತು ಒಳಗಿಳೀತದೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವ ರಾತ್ರಿ ಥಂಡಿಗೆ ಗೋಡೆ ಮೇಲೆ ಬೆವರಿ ಇಳಿಯೋದೂ ಉಂಟು, ತುಕ್ಕು ಹಿಡಿಯೋದು ಆ ಭಾಗಕ್ಕೇ. ಗ್ಯಾಸ್ಕೆಟ್ ಬದಲಿಸಿ, ಮಳೆ ಮುಗಿಯುವ ತನಕ ಟ್ಯಾಂಕ್ ಮುಕ್ಕಾಲಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಹೊಸ ಪೆಟ್ರೋಲ್ ಹಾಕಿ ಒಂದು ವಾರದ ಮೇಲೆ ಡ್ರೈನ್ ಸ್ಕ್ರೂ ಮತ್ತೊಮ್ಮೆ ಸಡಿಲಿಸಿ, ಬಟ್ಟಲಿನಿಂದ ಬಂದದ್ದನ್ನ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಳದಲ್ಲಿ ಗುಳ್ಳೆಯಂಥ ನೀರಿನ ಹನಿ ಕಂಡರೆ ಟ್ಯಾಂಕಿನಲ್ಲಿ ಇನ್ನೂ ಉಳಿದಿದೆ ಅಂತ, ರಿಸರ್ವಿನಿಂದ ಇನ್ನೊಂದು ಲೋಟ ಇಳಿಸಿ.