ಮೈಸೂರಿನ ಮಾಗಿ ಚಳಿಗೆ ಕಡಲ ನೀರಿನ ಅಕ್ವೇರಿಯಂ: ಹೀಟರ್ ಎಷ್ಟು ವಾಟ್ ಇರಬೇಕು, ಅಪಾಯವಿಲ್ಲದೆ ಬಳಸುವುದು ಹೇಗೆ?

ಪ್ರಶ್ನೆ: ಹೊಸ ಹವ್ಯಾಸಿ, ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಸಿಹಿನೀರಿನ ಮೀನು ಸಾಕಿದ ಧೈರ್ಯದಲ್ಲಿ ಈ ವರ್ಷ ಕಡಲ ನೀರಿನ ಟ್ಯಾಂಕಿಗೆ ಕೈಹಾಕಿದ್ದೇನೆ. ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದ್ದು, ಕೆಳಗಿನ ಕಪಾಟಿನಲ್ಲಿ ಸಣ್ಣದೊಂದು ಸಂಪ್ ಇದೆ. (ಸಂಪ್ ಎಂದ ಕೂಡಲೇ ನಮ್ಮೂರಿನವರಿಗೆ ಅಂಗಳದ ನೀರಿನ ತೊಟ್ಟಿ ನೆನಪಾಗುತ್ತದೆ, ನಾನು ಹೇಳುತ್ತಿರುವುದು ಟ್ಯಾಂಕಿನ ನೀರು ಇಳಿದು ಶುದ್ಧಿಯಾಗಿ ಪಂಪಿನ ಮೂಲಕ ಮೇಲೇರುವ ಗಾಜಿನ ಪೆಟ್ಟಿಗೆಯ ವಿಷಯ.) ಕಲ್ಲು, ಮರಳುಗಳ ಜಾಗ ಕಳೆದು ಸಂಪಿನ ನೀರು ಸೇರಿಸಿದರೆ ಒಟ್ಟು ಸುಮಾರು 230 ಲೀಟರ್ ಆಗುತ್ತದೆ. ಒಂದು ಜೋಡಿ ಕ್ಲೌನ್ ಮೀನು ಮತ್ತು ಒಂದಿಷ್ಟು ಮೆದು ಹವಳಗಳಿವೆ.

ಕಾರ್ತಿಕ ಕಳೆದ ಮೇಲೆ ನೀರು ತಣ್ಣಗಾಗತೊಡಗಿದೆ. ಮೊನ್ನೆ ರಾತ್ರಿ ಹತ್ತು ಗಂಟೆಗೆ 25.5 ಡಿಗ್ರಿ ಇದ್ದ ನೀರು ಬೆಳಗ್ಗೆ ಆರಕ್ಕೆ 23 ಡಿಗ್ರಿಗೆ ಇಳಿದಿತ್ತು. ಅಂಗಡಿಯವರು 300 ವಾಟ್‌ನ ಒಂದೇ ದೊಡ್ಡ ಹೀಟರ್ ಹಾಕಿ ಎನ್ನುತ್ತಾರೆ. ಪರಿಚಿತರೊಬ್ಬರು ಮೈಸೂರಿಗೆ ಹೀಟರೇ ಬೇಡ ಎನ್ನುತ್ತಾರೆ. ನಮ್ಮದು ಹಳೆಯ ಮನೆ. ಹಜಾರದ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದರೂ ಅರ್ಥಿಂಗ್ ಇದೆಯೋ ಇಲ್ಲವೋ ಅನುಮಾನ. ಅಮ್ಮನಂತೂ ‘ನೀರಿನೊಳಗೆ ಕರೆಂಟು ಇಟ್ಟುಕೊಂಡು ಮಲಗುವುದೇ?’ ಎಂದು ದಿನವೂ ಕೇಳುತ್ತಿದ್ದಾರೆ. ಅವರ ಭಯವನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ: ಉಪ್ಪುನೀರು, ಕುವೆಂಪುನಗರ

ಹೀಟರ್ ಬೇಡ ಎಂದವರ ಮಾತು ಏಪ್ರಿಲ್ ತಿಂಗಳಿಗೆ ಸರಿ. ಆಗ ನಮ್ಮ ಚಿಂತೆ ನೀರನ್ನು ತಂಪಾಗಿಡುವುದೇ ಆಗಿರುತ್ತದೆ. ಆದರೆ ಡಿಸೆಂಬರ್, ಜನವರಿಗಳಲ್ಲಿ ಮತ್ತು ಬಿಸಿಲೇ ಕಾಣದ ಆಷಾಢ ಶ್ರಾವಣದ ಕೆಲವು ದಿನಗಳಲ್ಲಿ ಇಲ್ಲಿ ಹೀಟರ್ ಬೇಕಾಗುತ್ತದೆ. ಹವಳದ ದಿಬ್ಬಗಳ ಜೀವಿಗಳಿಗೆ 24ರಿಂದ 27 ಡಿಗ್ರಿ ಹಿತ. ಅದಕ್ಕಿಂತ ಮುಖ್ಯವಾಗಿ, ಪ್ರತಿ ರಾತ್ರಿ ಇಳಿದು ಪ್ರತಿ ಮಧ್ಯಾಹ್ನ ಏರುವ ತೂಗುಯ್ಯಾಲೆ ಅವುಗಳಿಗೆ ಒಗ್ಗುವುದಿಲ್ಲ.

ಎಷ್ಟು ವಾಟ್ ಎಂಬುದಕ್ಕೆ ಲೀಟರಿಗೆ ಒಂದು ವಾಟ್ ಎಂಬ ಬಾಯಿಲೆಕ್ಕ ಚಾಲ್ತಿಯಲ್ಲಿದೆ. ಅದು ಮನೆಯೊಳಗೂ ಕೊರೆಯುವ ಚಳಿಯಿರುವ ದೇಶಗಳಿಗೂ ಸಲ್ಲುವಂತೆ ಹೇಳಿದ ಲೆಕ್ಕ. ನಿಮ್ಮ ಟ್ಯಾಂಕಿಗೆ ಅಂಥ ಅಂದಾಜು ಬೇಕಾಗಿಲ್ಲ, ಏಕೆಂದರೆ ನೀವು ಬರೆದ ಎರಡು ಅಂಕಿಗಳಲ್ಲೇ ಉತ್ತರವಿದೆ. 230 ಲೀಟರ್ ಕಡಲ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 260 ವಾಟ್-ಗಂಟೆ ಶಕ್ತಿ ಬೇಕು. ಎಂಟು ಗಂಟೆಗಳಲ್ಲಿ ಎರಡೂವರೆ ಡಿಗ್ರಿ ಇಳಿದಿದೆ ಎಂದರೆ ಟ್ಯಾಂಕ್ ಕಳೆದುಕೊಂಡದ್ದು ಸುಮಾರು 650 ವಾಟ್-ಗಂಟೆ, ಅಂದರೆ ಸರಾಸರಿ 80 ವಾಟ್‌ನಷ್ಟು. ನೀರನ್ನು 26ರಲ್ಲೇ ನಿಲ್ಲಿಸಿದರೆ ಕೋಣೆಗೂ ನೀರಿಗೂ ಅಂತರ ಹೆಚ್ಚಿ ನಷ್ಟವೂ ಸ್ವಲ್ಪ ಹೆಚ್ಚುತ್ತದೆ. ಚಳಿ ಇನ್ನೂ ಬಲಿತರೆ ಮತ್ತಷ್ಟು. ಎಷ್ಟೇ ಧಾರಾಳವಾಗಿ ಎಣಿಸಿದರೂ 150 ವಾಟ್ ದಾಟುವುದಿಲ್ಲ. ಆದ್ದರಿಂದ 100 ವಾಟ್‌ನ ಎರಡು ಹೀಟರುಗಳು ನಿಮಗೆ ಸಾಕು.

ಒಂದರ ಬದಲು ಎರಡೇಕೆ ಎಂದರೆ, ಹೀಟರ್ ಎಂಬುದು ಇಂದಲ್ಲ ನಾಳೆ ಕೆಡುವ ವಸ್ತು. ಅದರೊಳಗಿನ ಥರ್ಮೋಸ್ಟ್ಯಾಟ್ ದಿನಕ್ಕೆ ಹತ್ತಾರು ಸಲ ಕರೆಂಟನ್ನು ಕೂಡಿಸಿ ಬಿಡಿಸುತ್ತಿರುತ್ತದೆ. ಪ್ರತಿ ಸಲ ಹಾರುವ ಸಣ್ಣ ಕಿಡಿಗೆ ಲೋಹದ ತುದಿಗಳು ಸುಡುತ್ತಾ ಬಂದು, ಒಂದು ದಿನ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ನೀರು ಎಷ್ಟೇ ಬಿಸಿಯಾದರೂ ಹೀಟರ್ ಆರುವುದಿಲ್ಲ. ನನ್ನ ಮೊದಲ ಟ್ಯಾಂಕ್ 150 ಲೀಟರಿನದು. ಅದಕ್ಕೆ 300 ವಾಟ್‌ನ ಒಂದೇ ಹೀಟರ್ ಹಾಕಿ, ‘ದೊಡ್ಡದಿದ್ದರೆ ಬೇಗ ಬಿಸಿಯಾಗಿ ಬೇಗ ಆರುತ್ತದೆ’ ಎಂಬ ತರ್ಕದಲ್ಲಿ ನೆಮ್ಮದಿಯಾಗಿದ್ದೆ. ಊರಿಗೆ ಹೋಗಿ ಮರುದಿನ ಬಂದು ನೋಡಿದಾಗ ಥರ್ಮಾಮೀಟರ್ 35 ತೋರಿಸುತ್ತಿತ್ತು. ಉಳಿದದ್ದು ಸನ್ಯಾಸಿ ಏಡಿಯೊಂದೇ. ನಿಮ್ಮ ಟ್ಯಾಂಕಿನಲ್ಲಿ 300 ವಾಟ್‌ನ ಹೀಟರ್ ಹೀಗೆ ಸಿಕ್ಕಿಹಾಕಿಕೊಂಡರೆ ಮೊದಮೊದಲು ಗಂಟೆಗೆ ಒಂದು ಡಿಗ್ರಿಯ ಆಸುಪಾಸು ಏರುತ್ತಾ ಹೋಗುತ್ತದೆ. ಅದೇ 100 ವಾಟ್‌ನದು ಸಿಕ್ಕಿಹಾಕಿಕೊಂಡರೆ ಚಳಿಯ ರಾತ್ರಿಯಲ್ಲಿ ಆಗುವ ನಷ್ಟವನ್ನು ತುಂಬುವುದರಲ್ಲೇ ಅದರ ಬಲ ಮುಗಿಯುತ್ತದೆ. ಹಗಲಿನಲ್ಲಿ ನೀರು ನಿಧಾನವಾಗಿ ಏರುವುದರಿಂದ ನಿಮ್ಮ ಕಣ್ಣಿಗೆ ಬೀಳಲು ಸಮಯವಿರುತ್ತದೆ. ಎರಡರಲ್ಲಿ ಒಂದು ಸತ್ತೇ ಹೋದರೂ ಇನ್ನೊಂದು ಬಹುಪಾಲು ಹೊರೆಯನ್ನು ಹೊರುತ್ತದೆ.

ಇದರ ಮೇಲೆ, ಹೀಟರಿಗೆ ಹೊರಗಿನಿಂದ ಬೇರೆಯೇ ಒಂದು ಟೆಂಪರೇಚರ್ ಕಂಟ್ರೋಲರ್ ಇರಲಿ. ಕಂಟ್ರೋಲರನ್ನು 26ಕ್ಕೂ ಹೀಟರಿನ ಸ್ವಂತ ಡಯಲನ್ನು 27ಕ್ಕೂ ಇಡಬೇಕು. ದಿನನಿತ್ಯದ ಕೆಲಸವನ್ನು ಕಂಟ್ರೋಲರ್ ಮಾಡುತ್ತದೆ; ಅದು ಕೈಕೊಟ್ಟರೆ 27ರಲ್ಲಿ ಹೀಟರ್ ತಾನೇ ಆರುತ್ತದೆ. ಎರಡೂ ಒಂದೇ ದಿನ ಕೆಡುವುದು ಅಪರೂಪ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಕಂಟ್ರೋಲರಿನ ಸೆನ್ಸರ್ ತಂತಿ ಜಾರಿ ನೀರಿನಿಂದ ಹೊರಬಂದರೆ ಅದು ಕೋಣೆಯ ಚಳಿಯನ್ನು ಓದಿ, ನೀರೇ ತಣ್ಣಗಿದೆ ಎಂದುಕೊಂಡು ಹೀಟರನ್ನು ಉರಿಸುತ್ತಲೇ ಇರುತ್ತದೆ. ಹಾಗಾಗಿ ಸೆನ್ಸರನ್ನು ಗಾಜಿಗೆ ಭದ್ರವಾಗಿ ಕಚ್ಚಿಸಬೇಕು. ಹೀರುಬಟ್ಟಲಿನ ಹಿಡಿತವನ್ನು ನಾನು ನಂಬುವುದಿಲ್ಲ. ಸೆನ್ಸರಿನ ತುದಿ ಬರಿಯ ಉಕ್ಕಿನದಾದರೆ ಕಡಲ ನೀರಿನಲ್ಲಿ ತುಕ್ಕು ಹಿಡಿಯಬಹುದು. ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆಯದನ್ನು ಕೇಳಿ ತೆಗೆದುಕೊಳ್ಳಿ.

ಇನ್ನು ಹೀಟರ್ ಇಡುವ ಜಾಗ. ಸಂಪಿನಲ್ಲಿಡುವುದು ಒಳ್ಳೆಯದು, ಆದರೆ ಪಂಪ್ ಇರುವ ಕೊನೆಯ ಕೋಣೆಯಲ್ಲಿ ಬೇಡ. ಆವಿಯಾಗುವ ನೀರೆಲ್ಲ ಆ ಕೋಣೆಯಲ್ಲೇ ಕಡಿಮೆಯಾಗುವುದರಿಂದ, ಎರಡು ದಿನ ನೀರು ತುಂಬುವುದು ಮರೆತರೆ ಹೀಟರಿನ ತಲೆ ಗಾಳಿಗೆ ತೆರೆದುಕೊಳ್ಳುತ್ತದೆ. ನೀರಿನ ಮಟ್ಟ ಎಂದೂ ಬದಲಾಗದ ನಡುವಿನ ಕೋಣೆಯಲ್ಲಿ, ಹರಿವಿಗೆ ಎದುರಾಗಿ ಅಡ್ಡಲಾಗಿ ಮಲಗಿಸಿಡಿ. ಹಾಗೆ ಪೂರ್ತಿ ಮುಳುಗಿಸಬಹುದಾದ ಹೀಟರ್ ಹೌದೇ ಎಂದು ಡಬ್ಬಿಯ ಮೇಲೆ ನೋಡಿಕೊಂಡೇ ಮಲಗಿಸಬೇಕು.

ಉತ್ತರ: ವೈರಿಂಗ್ ಕೆಲಸದವ, ಮಂಡ್ಯ

ನಾನು ಮೀನು ಸಾಕುವವನಲ್ಲ. ನಮ್ಮ ಮಗನ ಟ್ಯಾಂಕಿಗೆ ಕರೆಂಟಿನ ಕೆಲಸ ಮಾಡಿಕೊಟ್ಟ ಅನುಭವದಿಂದ ಬರೆಯುತ್ತಿದ್ದೇನೆ. ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ, ಸರ್. ವಾಟ್ ಲೆಕ್ಕವನ್ನೆಲ್ಲ ಅದು ಇತ್ಯರ್ಥವಾದ ಮೇಲೆ ನೋಡಿಕೊಳ್ಳೋಣ.

ಮನೆಯಲ್ಲಿ ಎಂಸಿಬಿ ಇದೆ, ಆದ್ದರಿಂದ ಭಯವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಎಂಸಿಬಿ ಬೀಳುವುದು ಆರೋ ಹತ್ತೋ ಆಂಪಿಯರ್ ಮೀರಿದಾಗ, ಅಂದರೆ ತಂತಿ ಸುಡದಂತೆ ಕಾಯಲು. ಮನುಷ್ಯನ ಜೀವಕ್ಕೆ ಅದರ ನೂರರಲ್ಲೊಂದು ಭಾಗ ಕರೆಂಟು ಸಾಕು. ನಿಮಗೆ ಬೇಕಾದದ್ದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸು ಬಂದಿದೆಯೇ ಎಂದು ಅದು ಸದಾ ತೂಗಿ ನೋಡುತ್ತದೆ. ನಡುವೆ ನೀರಿನ ಮೂಲಕವೋ ನಿಮ್ಮ ಕೈಯ ಮೂಲಕವೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಇಡೀ ಮನೆಗೆ ಹಾಕಿಸಲು ಆಗದಿದ್ದರೆ ಅಕ್ವೇರಿಯಂ ಸಾಕೆಟ್ಟಿನ ಲೈನಿಗಾದರೂ ಪ್ರತ್ಯೇಕವಾಗಿ ಹಾಕಿಸಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದ ಆರ್‌ಸಿಸಿಬಿ ಗೋಡೆಗೆ ಬರಿಯ ಅಲಂಕಾರ.

ಅರ್ಥಿಂಗ್ ಅನುಮಾನವೆಂದು ಬರೆದಿದ್ದೀರಿ. ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ, ಇದ್ದರೂ ಹಿತ್ತಲಿನ ಅರ್ಥ್ ಗುಂಡಿ ಒಣಗಿರುತ್ತದೆ. ಅದನ್ನು ಅಳೆಸಿ ಸರಿಪಡಿಸಿಕೊಳ್ಳದೆ ಹೀಟರ್ ಹಾಕಬೇಡಿ. ನೀರಿಗೆ ಇಳಿಬಿಡುವ ಟೈಟಾನಿಯಂ ಗ್ರೌಂಡಿಂಗ್ ಪ್ರೋಬ್ ಎಂಬುದೂ ಸಿಗುತ್ತದೆ. ಹೀಟರ್ ಒಡೆದಾಗ ಯಾರೂ ನೀರು ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳಲು ಅದು ದಾರಿ ಮಾಡಿಕೊಡುತ್ತದೆ. ಆದರೆ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಪ್ರೋಬ್ ಮಾತ್ರ ಹಾಕಿದರೆ, ಸೋರುವ ಕರೆಂಟು ನೀರಿನ ಮೂಲಕ ನಿಲ್ಲದೆ ಹರಿಯಲು ನಾವೇ ಕಾಲುವೆ ತೋಡಿದಂತಾಗುತ್ತದೆ.

ಉಪ್ಪುನೀರಿಗೆ ಸಿಹಿನೀರಿಗಿಂತ ಹತ್ತಾರು ಪಟ್ಟು ಸಲೀಸಾಗಿ ಕರೆಂಟು ಹಾಯುತ್ತದೆ, ಮತ್ತು ಅದು ತೇವವಾಗಿ ತಂತಿಯ ಮೇಲೆ ಹತ್ತಿ ಒಣಗಿ ಬಿಳಿಯ ಹೆಪ್ಪಾಗುತ್ತದೆ. ಆ ಹೆಪ್ಪು ಪ್ಲಗ್ಗಿನವರೆಗೆ ತಲುಪಿದರೆ ಅಲ್ಲಿಂದಲೇ ಹೊಗೆ ಶುರುವಾಗುವುದು. ಆದ್ದರಿಂದ ಎಕ್ಸ್‌ಟೆನ್ಷನ್ ಬಾಕ್ಸನ್ನು ಸಂಪಿನ ಕಪಾಟಿನೊಳಗೆ ನೆಲದ ಮೇಲೆ ಎಂದೂ ಇಡಬೇಡಿ. ಪಕ್ಕದ ಗೋಡೆಗೆ ಎತ್ತರದಲ್ಲಿ ಕೂರಿಸಿ. ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಇಳಿದು, ಜೋಲಿಯಂತೆ ಬಳುಕಿ ಮತ್ತೆ ಮೇಲೇರಬೇಕು. ಆಗ ತಂತಿಯಗುಂಟ ಹರಿದ ಹನಿ ಆ ಜೋಲಿಯ ತಳದಲ್ಲೇ ತೊಟ್ಟಿಕ್ಕುತ್ತದೆ.

ಕೊನೆಯದಾಗಿ ನಮ್ಮ ಕಡೆಯ ಒಂದು ಅನುಭವ. ಮಗನ ಹೀಟರ್ ಸರಿಯಿದ್ದರೂ ನೀರು ಬಿಸಿಯಾಗುತ್ತಿರಲಿಲ್ಲ; ಅಳೆದು ನೋಡಿದರೆ ರಾತ್ರಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜ್ 180 ಇತ್ತು. ವೋಲ್ಟೇಜ್ ಇಳಿದಂತೆ ಹೀಟರಿನ ಬಲ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ; 230 ವೋಲ್ಟಿನಲ್ಲಿ 100 ವಾಟ್ ಕೊಡುವ ಹೀಟರ್ 180ರಲ್ಲಿ ಕೊಡುವುದು 61 ವಾಟ್ ಮಾತ್ರ. ನಿಮ್ಮ ಬೀದಿಯಲ್ಲಿ ಹಾಗಾಗುತ್ತಿದ್ದರೆ ಅದನ್ನೂ ಎಣಿಸಿಕೊಳ್ಳಿ.

ಉತ್ತರ: ಹವಳದ ಹುಚ್ಚು, ವಿಜಯನಗರ

ಇಬ್ಬರೂ ವಿವರವಾಗಿ ಬರೆದಿದ್ದಾರೆ. ಗಾಜಿನದೋ ಟೈಟಾನಿಯಂನದೋ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಟೈಟಾನಿಯಂ ಒಡೆಯುವುದಿಲ್ಲ, ಕಡಲ ನೀರಿಗೆ ಸವೆಯುವುದೂ ಇಲ್ಲ; ಆದರೆ ಬಹುಪಾಲು ಟೈಟಾನಿಯಂ ಹೀಟರುಗಳಲ್ಲಿ ಸ್ವಂತ ಥರ್ಮೋಸ್ಟ್ಯಾಟ್ ಇರುವುದಿಲ್ಲವಾದ್ದರಿಂದ, ಉಪ್ಪುನೀರು ಅವರು ಹೇಳಿದ ಎರಡು ಹಂತದ ಕಾವಲು ತಪ್ಪಿ, ಎಲ್ಲ ಭಾರವೂ ಕಂಟ್ರೋಲರ್ ಒಂದರ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲ ಸಲಕ್ಕೆ ಪ್ಲಾಸ್ಟಿಕ್ ಕವಚವಿರುವ ಒಳ್ಳೆಯ ಗಾಜಿನ ಹೀಟರುಗಳೇ ಸಾಕೆಂದು ನನ್ನ ಅಭಿಪ್ರಾಯ. ಸ್ಟೀಲಿನದು ಬೇಡವೇ ಬೇಡ. ಸ್ನಾನದ ನೀರು ಕಾಯಿಸುವ ಕಾಯಿಲ್ ರಾಡನ್ನು ಐದು ನಿಮಿಷ ಅದ್ದಿ ತೆಗೆದರಾಯಿತು ಎಂದು ಸಲಹೆ ಕೊಟ್ಟ ಮಹನೀಯರೊಬ್ಬರನ್ನು ಬಲ್ಲೆ. ಅಂಥವರು ನಿಮಗೂ ಸಿಕ್ಕಿಯಾರು, ಜೋಪಾನ.

ಗಾಜಿನ ಹೀಟರುಗಳು ಒಡೆಯುವುದು ಹೆಚ್ಚಾಗಿ ನೀರು ಬದಲಿಸುವ ದಿನ. ನೀರು ಇಳಿಸುವ ಮೊದಲೇ ಪ್ಲಗ್ ಕಿತ್ತು, ಇಪ್ಪತ್ತು ನಿಮಿಷ ನೀರಿನಲ್ಲೇ ಆರಲು ಬಿಟ್ಟು, ಆಮೇಲೆ ಕೈಹಾಕಬೇಕು. ಬಿಸಿ ಗಾಜು ಗಾಳಿಗೆ ಬಂದು, ಮತ್ತೆ ಅದರ ಮೇಲೆ ತಣ್ಣೀರು ಬಿದ್ದರೆ ಚಟ್ಟನೆ ಸೀಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಕೆಡದಿದ್ದರೂ, ಹೀಟರ್ ಬದಲಿಸುವುದು ನನ್ನ ರೂಢಿ.

ಪ್ರಶ್ನೆ ಕೇಳಿದವರು: ಹೊಸ ಹವ್ಯಾಸಿ

ಎಲ್ಲರಿಗೂ ಧನ್ಯವಾದಗಳು. 100 ವಾಟ್‌ನ ಎರಡನ್ನು ಕೊಳ್ಳಲು ತೀರ್ಮಾನಿಸಿದ್ದೇನೆ. ಎಲೆಕ್ಟ್ರಿಷಿಯನ್ ಶನಿವಾರ ಬರುತ್ತಾರೆ. ಇನ್ನೊಂದು ಸಂದೇಹ: ರಾತ್ರಿ ಕರೆಂಟು ಹೋದರೆ ಹೀಟರನ್ನು ಮನೆಯ ಇನ್ವರ್ಟರಿಗೆ ಕೊಡಬಹುದೇ? ಹಾಗೆಯೇ, ಹೀಟರ್ ಡಯಲಿನ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಉಪ್ಪುನೀರು, ಕುವೆಂಪುನಗರ

ಇನ್ವರ್ಟರಿಗೆ ಕೊಡಬೇಡಿ. ಬ್ಯಾಟರಿಯನ್ನು ಬೇಗ ಬರಿದು ಮಾಡುವುದರಲ್ಲಿ ಹೀಟರಿಗೆ ಸಮಾನವಿಲ್ಲ. ಕರೆಂಟಿಲ್ಲದಾಗ ಮೀನಿಗೆ ಮೊದಲು ಬರುವ ಕುತ್ತು ಚಳಿಯಲ್ಲ, ಉಸಿರು. ನೀರು ಚಲಿಸದಿದ್ದರೆ ಆಮ್ಲಜನಕ ಬೆರೆಯುವುದಿಲ್ಲ. ಆದ್ದರಿಂದ ಬ್ಯಾಟರಿಯನ್ನು ನೀರು ಕದಡುವ ಒಂದು ಸಣ್ಣ ವೇವ್‌ಮೇಕರಿಗೋ ಗಾಳಿ ಪಂಪಿಗೋ ಮೀಸಲಿಡಿ. ನಿಮ್ಮ ಟ್ಯಾಂಕ್ ಗಂಟೆಗೆ ಮೂರನೇ ಒಂದು ಡಿಗ್ರಿಯಂತೆ ಮಾತ್ರ ತಣಿಯುತ್ತದೆ ಎಂದು ನಿಮ್ಮ ಅಂಕಿಗಳೇ ಹೇಳುತ್ತವೆ; ಮೂರು ಬದಿಗೆ ಥರ್ಮೋಕೋಲ್ ಹಲಗೆ ನಿಲ್ಲಿಸಿ ಹಳೆಯ ಕಂಬಳಿ ಸುತ್ತಿದರೆ ಇನ್ನೂ ನಿಧಾನವಾಗುತ್ತದೆ. ಮೇಲ್ಭಾಗವನ್ನು ಮಾತ್ರ ಪೂರ್ತಿ ಮುಚ್ಚಬೇಡಿ. ಕರೆಂಟು ಬಂದ ಮೇಲೆ ನೀರು ತಾನಾಗಿ ನಿಧಾನವಾಗಿ ಬಿಸಿಯಾಗಲಿ. ಬಿಸಿನೀರು ಸುರಿಯುವ ಆತುರ ಬೇಡ.

ಡಯಲಿನ ಅಂಕಿ ಒಂದೆರಡು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಥರ್ಮಾಮೀಟರನ್ನೇ ಮೊದಲು ಪರೀಕ್ಷಿಸಿ. ಐಸನ್ನು ಪುಡಿಮಾಡಿ ಲೋಟದ ತುಂಬ ಹಾಕಿ, ಅದು ಮುಳುಗುವಷ್ಟು ಕುಡಿಯುವ ನೀರು ಹೊಯ್ದು ಚೆನ್ನಾಗಿ ಕಲಕಿ, ಐದು ನಿಮಿಷ ಬಿಟ್ಟು ಅದ್ದಿದರೆ ಸೊನ್ನೆ ತೋರಿಸಬೇಕು. ಕೈಗೆ ಸಿಕ್ಕಿತೆಂದು ಅಕ್ವೇರಿಯಂ ನೀರನ್ನೇ ಹೊಯ್ಯಬೇಡಿ, ಉಪ್ಪು ಬೆರೆತರೆ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಹೊಸ ಹವ್ಯಾಸಿ

ಈಗಷ್ಟೇ ಪರೀಕ್ಷೆ ಮಾಡಿದೆ. ಐಸ್ ನೀರಿನಲ್ಲಿ ನನ್ನ ಥರ್ಮಾಮೀಟರ್ 1.2 ತೋರಿಸುತ್ತಿದೆ. ಹಾಗಾದರೆ ನಾನು 23 ಎಂದುಕೊಂಡ ಬೆಳಗಿನ ನೀರು ನಿಜಕ್ಕೆ 22ರ ಆಸುಪಾಸಿನಲ್ಲಿತ್ತು. ಇಳಿದ ಅಂತರ ಎರಡೂವರೆಯೇ ಆದ್ದರಿಂದ ನಿಮ್ಮ 80 ವಾಟ್ ಲೆಕ್ಕಕ್ಕೆ ಧಕ್ಕೆಯಿಲ್ಲವೆಂದು ಭಾವಿಸಿ, ಕಂಟ್ರೋಲರಿನ ಸೆನ್ಸರನ್ನೂ ಇದೇ ಲೋಟದಲ್ಲಿ ಅದ್ದಿ ನೋಡಿದ ಮೇಲೆಯೇ ಟ್ಯಾಂಕಿಗೆ ಇಳಿಸುತ್ತೇನೆ.